ಡೆನ್ವರ್‌ನಲ್ಲಿರುವ ಮಗಳಿಗೆ, ಕ್ಲಾರಾ ಬ್ರೌನ್ ಬಗ್ಗೆ

ಪುಟ್ಟಿ,

ನೀನು ಡೆನ್ವರ್‌ಗೆ ಹೋದಾಗಿನಿಂದ ಆ ಊರಿನ ಬಗ್ಗೆ ಕೈಗೆ ಸಿಕ್ಕಿದ್ದನ್ನೆಲ್ಲ ಓದುವುದು ನನಗೊಂದು ಚಟವಾಗಿದೆ. ಅಪ್ಪ ಗೇಲಿ ಮಾಡುತ್ತಾರೆ, ಮಾಡಲಿ. ಹಾಗೆ ಓದುವಾಗ ಸಿಕ್ಕವಳು ಕ್ಲಾರಾ ಬ್ರೌನ್.

1800ರ ಆಸುಪಾಸು ವರ್ಜೀನಿಯಾದಲ್ಲಿ ಗುಲಾಮಳಾಗಿ ಹುಟ್ಟಿದವಳು. ಮದುವೆ, ನಾಲ್ಕು ಮಕ್ಕಳು ಎಲ್ಲ ಆದದ್ದು ಕೆಂಟಕಿಯಲ್ಲಿ. ಅವಳಿ ಹೆಣ್ಣುಮಕ್ಕಳಲ್ಲಿ ಒಬ್ಬಳು ನೀರಿನಲ್ಲಿ ಮುಳುಗಿ ಸತ್ತಳು. ಉಳಿದವಳು ಎಲೈಜಾ ಜೇನ್. 1835ರಲ್ಲಿ ಯಜಮಾನ ತೀರಿಕೊಂಡ, ಅವನ ಆಸ್ತಿ ಹರಾಜಿಗೆ ಬಂತು. ಆಸ್ತಿ ಅಂದರೆ ಇವರೂ ಸೇರಿ. ಗಂಡ, ಮಗ, ಹೆಣ್ಣುಮಕ್ಕಳು ದಿಕ್ಕಾಪಾಲಾದರು. ಕ್ಲಾರಾಳನ್ನು ಕೊಂಡವನ ಹೆಸರು ಬ್ರೌನ್. ಅವಳ ಹೆಸರಿನ ಕೊನೆಗೆ ಇವತ್ತಿಗೂ ಅಂಟಿಕೊಂಡಿರುವುದು ಅದೇ. ಎಲೈಜಾಗೆ ಆಗ ಸುಮಾರು ಹತ್ತು ವರ್ಷ.

ಬ್ರೌನ್ ಸತ್ತ ಮೇಲೆ, 1856ರ ಹೊತ್ತಿಗೆ, ಅವಳಿಗೆ ಬಿಡುಗಡೆಯಾಯಿತು. ಆದರೆ ಎಂಥ ಬಿಡುಗಡೆ ನೋಡು: ಬಿಡುಗಡೆಯಾದ ಗುಲಾಮರು ಕೆಂಟಕಿ ಬಿಟ್ಟು ಹೋಗಬೇಕು ಅಂತ ಅಲ್ಲಿನ ಕಾನೂನು. ಮಕ್ಕಳ ಸುಳಿವು ಸಿಗಬಹುದಾದ ನೆಲದಿಂದಲೇ ಅವಳನ್ನು ಆಚೆಗೆ ಹಾಕಿದ ಹಾಗಾಯಿತು. ಜನ ಪಶ್ಚಿಮಕ್ಕೆ ಹೋಗುತ್ತಿದ್ದಾರೆ, ಮಗಳೂ ಆ ಕಡೆಗೇ ಹೋಗಿರಬಹುದು ಅನ್ನುವ ಆಸೆಯಲ್ಲಿ 1859ರಲ್ಲಿ ನಿಮ್ಮ ಕೊಲರಾಡೊದ ಚಿನ್ನದ ಗಣಿಗೆ ಹೊರಟ ಬಂಡಿಗಳ ಸಾಲಿಗೆ ಅಡುಗೆಯವಳಾಗಿ ಸೇರಿದಳು. ಬಂಡಿಯಲ್ಲಿ ಅವಳ ಪಾತ್ರೆಪಡಗಕ್ಕೆ ಜಾಗ ಸಿಕ್ಕಿತು. ಅರವತ್ತರ ಹತ್ತಿರದ ಹೆಂಗಸು ಮಾತ್ರ ಹೆಚ್ಚಿನ ದಾರಿಯನ್ನು ನಡೆದೇ ಸವೆಸಿದಳು.

ನಿಮ್ಮೂರಿಂದ ಮೇಲೆ ಗುಡ್ಡದಲ್ಲಿ ಸೆಂಟ್ರಲ್ ಸಿಟಿ ಇದೆಯಲ್ಲ, ಅಲ್ಲಿ ಬಟ್ಟೆ ಒಗೆಯಲು ಶುರುಮಾಡಿದಳು. ಗಣಿ ಕೆಲಸದವರ ದಪ್ಪ ಫ್ಲಾನೆಲ್ ಅಂಗಿಗಳು, ಒಂದಕ್ಕೆ 50 ಸೆಂಟ್. ಮಷೀನ್ ಬರುವ ಮೊದಲು ನಿಮ್ಮಪ್ಪನ ಉಣ್ಣೆ ಸ್ವೆಟರ್ ಹಿಂಡಿದವಳು ನಾನು. ಒದ್ದೆಯಾದ ಮೇಲೆ ಅದು ಎಷ್ಟು ಭಾರ, ಮಣಿಕಟ್ಟು ಹೇಗೆ ಹಿಡಿದುಕೊಳ್ಳುತ್ತದೆ ಅಂತ ಗೊತ್ತು. ಇಂಥ ದುಡಿಮೆಯಿಂದ, ಗಣಿ ಮತ್ತು ಜಮೀನಿನಲ್ಲಿ ಹಾಕಿದ ದುಡ್ಡಿನಿಂದ ಕೆಲವೇ ವರ್ಷಗಳಲ್ಲಿ ಸುಮಾರು 10,000 ಡಾಲರ್ ಕೂಡಿಸಿದಳಂತೆ.

ಅಮೆರಿಕದ ಅಂತರ್ಯುದ್ಧ ಮುಗಿದು ಗುಲಾಮಗಿರಿ ಹೋದದ್ದೇ ತಡ, ಆ ದುಡ್ಡು ಹಿಡಿದು ಕೆಂಟಕಿಗೆ ವಾಪಸು ಹೋದಳು. ಎಲೈಜಾ ಸಿಗಲಿಲ್ಲ. ಹೋದವಳು ಬರಿಗೈಲಿ ಬರಲಿಲ್ಲ, ನೆಲೆಯಿಲ್ಲದ ಒಂದಷ್ಟು ಜನರನ್ನು ತನ್ನ ಖರ್ಚಿನಲ್ಲೇ ಕೊಲರಾಡೊಗೆ ಕರೆತಂದಳು.

ಅವಳ ಬಗ್ಗೆ ಬರೆಯುವವರು ಇಲ್ಲಿಗೆ ಬಂದಾಗ 'ಮಹಾದಾನಿ', 'ದೇವತೆ' ಅಂತೆಲ್ಲ ಹೊಗಳಲು ಶುರುಮಾಡುತ್ತಾರೆ. ನನಗೆ ಅದು ಅರ್ಧ ಮಾತ್ರ ಒಪ್ಪಿಗೆ. ದಾನಿ ಹೌದು. ಆದರೆ ಅವಳು ಟಿಕೆಟ್ ತೆಗೆದಿದ್ದು ಮಗಳಿಗಾಗಿ. ಪರರ ಮಕ್ಕಳಿಗೆ ಊಟ ಬಡಿಸುವಾಗ ಅವಳ ಹೊಟ್ಟೆಯಲ್ಲಿ ಎಷ್ಟು ಸಂಕಟ ಆಗಿರಬೇಕು. ದೇವತೆ ಮಾಡಿ ಗೋಡೆಗೆ ಏರಿಸಿಬಿಟ್ಟರೆ ಅದು ಕಾಣುವುದಿಲ್ಲ.

ಕೊನೆಗೆ 1882ರಲ್ಲಿ ಸುದ್ದಿ ಬಂತು: ಅಯೋವಾದ ಕೌನ್ಸಿಲ್ ಬ್ಲಫ್ಸ್‌ನಲ್ಲಿ ಎಲೈಜಾ ಇದ್ದಾಳೆ. ಅಷ್ಟರಲ್ಲಿ ಬೆಂಕಿ, ಪ್ರವಾಹ, ದಾನಧರ್ಮ ಅಂತ ಕ್ಲಾರಾಳ ದುಡ್ಡೆಲ್ಲ ಕರಗಿತ್ತು. ಎಂಬತ್ತು ದಾಟಿದ ತಾಯಿ ಹೋಗಿ ಮಗಳನ್ನು ಕಂಡಳು, 47 ವರ್ಷದ ಮೇಲೆ. 1885ರಲ್ಲಿ ತೀರಿಕೊಂಡಳು.

ನಮ್ಮ ಅಗಲಿಕೆಗೆ ಇದನ್ನು ಹೋಲಿಸುತ್ತಿದ್ದೇನೆ ಅಂದುಕೊಳ್ಳಬೇಡ. ನೀನು ನಿನ್ನಿಷ್ಟಕ್ಕೆ ಹೋದವಳು, ವಾಟ್ಸ್ಆಪ್‌ನಲ್ಲಿ ದಿನಾ ನಿನ್ನ ಮುಖ ನೋಡುತ್ತೇನೆ. ಅಲ್ಲಿನ ಕ್ಯಾಪಿಟಲ್ ಕಟ್ಟಡದಲ್ಲಿ, ಅಂದರೆ ನಿಮ್ಮ ರಾಜ್ಯದ ವಿಧಾನಸೌಧದಲ್ಲಿ, ಬಣ್ಣದ ಗಾಜಿನಲ್ಲಿ ಮಾಡಿದ ಅವಳ ಚಿತ್ರವಿದೆಯಂತೆ. ಬಿಡುವಾದಾಗ ಹೋಗಿ ನೋಡು, ಒಂದು ಫೋಟೋ ಕಳಿಸು.

ಇನ್ನೊಂದು ಕೇಳಬೇಕಿತ್ತು. ಎಲ್ಲರೂ ತಾಯಿಯ ಕಥೆಯನ್ನೇ ಬರೆದಿದ್ದಾರೆ. ಹತ್ತು ವರ್ಷಕ್ಕೆ ಅಮ್ಮನ ಕೈ ಬಿಟ್ಟು ಹೋಗಿ, ಐವತ್ತಾರೋ ಐವತ್ತೇಳೋ ಆದಾಗ ಮುದುಕಿಯೊಬ್ಬಳು ಬಂದು ಎದುರಿಗೆ ನಿಂತರೆ ಮಗಳಿಗೆ ಏನನ್ನಿಸಿರಬಹುದು? ನನಗೆ ತಾಯಿಯ ಕಡೆಯಿಂದಷ್ಟೇ ಯೋಚಿಸಲು ಬರುತ್ತದೆ. ನೀನು ಬರೆ.

ನಿನ್ನ,
ಅಮ್ಮ