ಇಫ್ ವಾಕ್ಯಗಳ ಅಭ್ಯಾಸ: 9 ಮತ್ತು 10ನೇ ತರಗತಿ ಪೋಷಕರಿಗೆ ಪತ್ರ

ಪ್ರಿಯ ಪೋಷಕರೇ,

ನಮಸ್ಕಾರ. ಇಂಗ್ಲಿಷ್ ತರಗತಿಯಲ್ಲಿ ಈ ವಾರ ಕಂಡೀಷನಲ್ ವಾಕ್ಯಗಳು ಶುರುವಾಗಿವೆ. ‘ಹೀಗಾದರೆ ಹಾಗಾಗುತ್ತದೆ’, ‘ಹೀಗಾಗಿದ್ದರೆ ಹಾಗಾಗುತ್ತಿತ್ತು’ ಅನ್ನುವ ಥರದ ವಾಕ್ಯಗಳು. ಮಕ್ಕಳು ಇವನ್ನು ಇಫ್ ವಾಕ್ಯ ಅನ್ನುತ್ತಾರೆ. ಇದಕ್ಕೆ ಮನೆಯಲ್ಲಿ ನಿಮ್ಮಿಂದ ಒಂದು ಸಹಾಯ ಬೇಕು. ನಿಮಗೆ ಇಂಗ್ಲಿಷ್ ಬರದಿದ್ದರೂ ನಡೆಯುತ್ತದೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು, ಮಕ್ಕಳು ಎಡವುವುದು ಎಲ್ಲಿ ಅಂತ ನೋಡಿ. ‘ಮಳೆ ಬಂದರೆ ಆಡುವುದಿಲ್ಲ’ ಅಂತ ಬರೆಯಲು ಹೇಳಿದರೆ ಸುಮಾರು ಜನ ‘ಇಫ್ ಇಟ್ ವಿಲ್ ರೇನ್’ ಅಂತ ಶುರು ಮಾಡುತ್ತಾರೆ. ಮಳೆ ಇನ್ನೂ ಬಂದಿಲ್ಲ, ಹಾಗಾಗಿ ವಿಲ್ ಹಾಕಬೇಕು ಅನ್ನುವುದು ಅವರ ಲೆಕ್ಕ. ಇನ್ನು ಕೆಲವರು ‘ಇಫ್ ಇಟ್ ರೇನ್ಡ್’ ಅಂತ ಭೂತಕಾಲದಲ್ಲಿ ಬರೆಯುತ್ತಾರೆ. ಅದಕ್ಕೂ ಕಾರಣ ಇದೆ. ಬಂದ, ಬಂದರೆ ಎರಡೂ ಕನ್ನಡದಲ್ಲಿ ಒಂದೇ ಥರ ಕಾಣುತ್ತವೆ, ಅಲ್ವಾ? ಇಂಗ್ಲಿಷಿನಲ್ಲಿ ಇಲ್ಲಿ ಬೇಕಾದದ್ದು ವರ್ತಮಾನ ಕಾಲ: ‘ಇಫ್ ಇಟ್ ರೇನ್ಸ್, ವೀ ವಿಲ್ ನಾಟ್ ಪ್ಲೇ.’ ವಿಲ್ ಎರಡನೇ ಭಾಗಕ್ಕೆ ಬರುತ್ತದೆ. ಇದು ಫಸ್ಟ್ ಕಂಡೀಷನಲ್.

ನಿಜವಾದ ತೊಡಕು ಇರುವುದು ಆಗಿಹೋದ ಮಾತಿನಲ್ಲಿ. ‘ನೀನು ಮೊದಲೇ ಹೇಳಿದ್ದರೆ ತರುತ್ತಿದ್ದೆ’ ಅನ್ನುತ್ತೇವೆ. ‘ಆಗೆಲ್ಲ ಸಂತೆಯಿಂದ ಹೂವು ತರುತ್ತಿದ್ದೆ’ ಅಂತಲೂ ಅನ್ನುತ್ತೇವೆ. ಎರಡು ಕಡೆಯೂ ತರುತ್ತಿದ್ದೆ. ಆದರೆ ಹೂವು ಮನೆಗೆ ಬಂದಿತ್ತು, ಹೇಳದೇ ಇದ್ದ ಸಾಮಾನು ಬರಲೇ ಇಲ್ಲ. ಕನ್ನಡ ಕೇಳುವವರಿಗೆ ಇದು ತಾನಾಗಿ ಗೊತ್ತಾಗುತ್ತದೆ. ಮಕ್ಕಳು ಅದನ್ನೇ ಇಂಗ್ಲಿಷಿಗೆ ತಂದು ‘ಇಫ್ ಯೂ ಟೋಲ್ಡ್, ಐ ವಾಸ್ ಬ್ರಿಂಗಿಂಗ್’ ಅಂತ ಬರೆಯುತ್ತಾರೆ. ಸರಿಯಾದದ್ದು ‘ಇಫ್ ಯೂ ಹ್ಯಾಡ್ ಟೋಲ್ಡ್ ಮೀ ಅರ್ಲಿಯರ್, ಐ ವುಡ್ ಹ್ಯಾವ್ ಬ್ರಾಟ್ ಇಟ್.’ ಒಂದು ಭಾಗದಲ್ಲಿ ಹ್ಯಾಡ್, ಇನ್ನೊಂದರಲ್ಲಿ ವುಡ್ ಹ್ಯಾವ್. ಇದೇ ಥರ್ಡ್ ಕಂಡೀಷನಲ್. ಜಾಸ್ತಿ ಅಭ್ಯಾಸ ಬೇಕಿರುವುದೂ ಇದಕ್ಕೇ.

ನಡುವೆ ಇರುವುದು ಸೆಕೆಂಡ್ ಕಂಡೀಷನಲ್, ಬರೀ ಕಲ್ಪನೆಯ ಮಾತು. ಮಕ್ಕಳಿಗೆ ತುಂಬಾ ಇಷ್ಟ. ‘ಇಫ್ ಐ ವರ್ ದ ಹೆಡ್‌ಮಿಸ್ಟ್ರೆಸ್, ಐ ವುಡ್ ಕ್ಯಾನ್ಸಲ್ ದ ಟೆಸ್ಟ್’ ಅಂತ ಒಬ್ಬ ಹುಡುಗ ಬರೆದಿದ್ದ. ಪೂರ್ತಿ ಅಂಕ ಕೊಟ್ಟೆವು, ಟೆಸ್ಟೂ ಕೊಟ್ಟೆವು. ಇಲ್ಲಿ ‘ಐ ವಾಸ್’ ಅಂತ ಮಾತಾಡುವವರೂ ಇದ್ದಾರೆ. ಪರೀಕ್ಷೆಯಲ್ಲಿ ಮಾತ್ರ ‘ಐ ವರ್’ ಅಂತಲೇ ಬರೆಯಲಿ. ಇನ್ನು ಝೀರೋ ಕಂಡೀಷನಲ್, ಅಂದರೆ ಯಾವಾಗಲೂ ನಿಜವಾಗಿರುವ ಮಾತು. ಅದಕ್ಕೆ ವಿಜ್ಞಾನದ ಪುಸ್ತಕವೇ ಸಾಕು: ಐಸ್ ಬಿಸಿ ಮಾಡಿದರೆ ಕರಗುತ್ತದೆ. ಎರಡೂ ಭಾಗ ವರ್ತಮಾನ ಕಾಲ, ಕಷ್ಟವೇನಿಲ್ಲ.

ಈಗ ನಿಮ್ಮ ಕೆಲಸ. ಮನೆಯಲ್ಲಿ ಇಂಥ ವಾಕ್ಯಗಳನ್ನು ಎಲ್ಲರಿಗಿಂತ ಜಾಸ್ತಿ ಹೇಳುವವರು ನೀವೇ. ‘ಹೋಂವರ್ಕ್ ಮುಗಿಸದಿದ್ರೆ ಮೊಬೈಲ್ ಇಲ್ಲ.’ ‘ಈಗ ಹೊರಡದಿದ್ದರೆ ಬಸ್ಸು ತಪ್ಪುತ್ತೆ.’ ಹೀಗೆ ಗದರುವುದನ್ನು ನಿಲ್ಲಿಸಿ ಅಂತ ನಾನು ಹೇಳುತ್ತಿಲ್ಲ! ಗದರಿದ ಮೇಲೆ, ಅದನ್ನೇ ಇಂಗ್ಲಿಷಿನಲ್ಲಿ ಹೇಳು ನೋಡೋಣ ಅನ್ನಿ. ಕ್ರಿಕೆಟ್ ನೋಡುವ ಮನೆಯಾದರೆ ಇನ್ನೂ ಒಳ್ಳೆಯದು. ಸೋತ ಮೇಲೆ ಎಲ್ಲರ ಬಾಯಲ್ಲೂ ಥರ್ಡ್ ಕಂಡೀಷನಲ್ ತಾನೇ? ‘ಆ ಕ್ಯಾಚ್ ಬಿಡದಿದ್ದರೆ ಗೆಲ್ಲುತ್ತಿದ್ದರು.’ ‘ಇಫ್ ದೇ ಹ್ಯಾಡ್ ನಾಟ್ ಡ್ರಾಪ್ಡ್ ದಟ್ ಕ್ಯಾಚ್, ದೇ ವುಡ್ ಹ್ಯಾವ್ ವನ್.’ ಟೊಮೆಟೊ ರೇಟು, ಕರೆಂಟು, ನೆಂಟರ ಮದುವೆ, ಯಾವುದಾದರೂ ಆಗುತ್ತದೆ. ನೀವು ಕನ್ನಡದಲ್ಲಿ ಕೇಳಿ, ಮಗು ಇಂಗ್ಲಿಷಿನಲ್ಲಿ ಬರೆಯಲಿ. ನಿಮ್ಮದು ತುಳುವೋ ಉರ್ದುವೋ ಮಾತಾಡುವ ಮನೆಯಾದರೆ ಆ ಭಾಷೆಯಲ್ಲೇ ಕೇಳಿ.

ಉತ್ತರ ಸರಿಯೋ ತಪ್ಪೋ ಅಂತ ನೀವು ತಲೆಕೆಡಿಸಿಕೊಳ್ಳಬೇಡಿ. ತಿದ್ದುವುದು ನಮ್ಮ ಇಂಗ್ಲಿಷ್ ಟೀಚರ್ ಕೆಲಸ. ಅಣ್ಣನೋ ಅಕ್ಕನೋ ಬರೆದುಕೊಡುವುದು ಬೇಡ. ಮೊಬೈಲಿನಲ್ಲಿ ಅನುವಾದ ಮಾಡಿ ಇಳಿಸುವುದೂ ಬೇಡ. ತಪ್ಪಿರುವ ಸ್ವಂತ ವಾಕ್ಯ ಸಿಕ್ಕರೆ, ಮಗು ಎಲ್ಲಿ ಸಿಕ್ಕಿಹಾಕಿಕೊಂಡಿದೆ ಅಂತ ನಮಗೆ ತಕ್ಷಣ ಗೊತ್ತಾಗುತ್ತದೆ. ಗೈಡಿನಲ್ಲಿರುವ ಕೋಷ್ಟಕವನ್ನು ಬಾಯಿಪಾಠ ಮಾಡಿಸುವ ಪೋಷಕರಿಗೂ ಒಂದು ಮಾತು. ಪರೀಕ್ಷೆಯ ಹಿಂದಿನ ರಾತ್ರಿ ಕಣ್ಣಾಡಿಸಲು ಅದು ಸರಿ. ಈಗಲೇ ಅದನ್ನು ಹಿಡಿದರೆ ಸೂತ್ರ ಬರುತ್ತದೆ, ವಾಕ್ಯ ಬರುವುದಿಲ್ಲ.

ದಿನಕ್ಕೆ ಮೂರು ವಾಕ್ಯ ಸಾಕು. ಭಾನುವಾರ ರಜೆ. ಇಂಗ್ಲಿಷ್ ನೋಟ್‌ಬುಕ್ಕಿನ ಹಿಂಭಾಗದಲ್ಲಿ ದಿನಾಂಕ ಹಾಕಿ ಬರೆಯಲಿ. ಇಫ್ ಮೊದಲು ಬಂದರೆ ನಡುವೆ ಅಲ್ಪವಿರಾಮ ಇರಬೇಕು, ಇಫ್ ನಡುವೆ ಬಂದರೆ ಬೇಡ. ಇದನ್ನಂತೂ ಯಾರು ಬೇಕಾದರೂ ನೋಡಿ ಹೇಳಬಹುದು. ಶನಿವಾರ ಬೆಳಗ್ಗೆ ಮೊದಲ ಪೀರಿಯಡ್‌ನಲ್ಲಿ ನೋಟ್‌ಬುಕ್ ನೋಡುತ್ತೇವೆ, ಅಷ್ಟರೊಳಗೆ ಪುಟದ ಕೆಳಗೆ ನಿಮ್ಮ ಸಹಿ ಹಾಕಿ ಕಳಿಸಿ. ಸಹಿ ಕನ್ನಡದಲ್ಲಿದ್ದರೂ ಆಯಿತು, ಹೆಬ್ಬೆಟ್ಟಾದರೂ ಆಯಿತು.

ಇತಿ,
ಮುಖ್ಯ ಶಿಕ್ಷಕಿ