ಬೀರುವಿನ ಬೀಗದ ಕೈ

ಡಬ್ಲಿನ್, ಜೂನ್ ತಿಂಗಳು

ಪ್ರೀತಿಯ ಅಪ್ಪನಿಗೆ,

ನಿಮ್ಮ ಮಗಳ ವಂದನೆಗಳು. ನಾನು ಚೆನ್ನಾಗಿದ್ದೇನೆ. ಇಲ್ಲಿ ಈಗ ರಾತ್ರಿ ಹತ್ತಾದರೂ ಬೆಳಕು ಹೋಗುವುದಿಲ್ಲ, ಕಿಟಕಿಗೆ ಕಂಬಳಿ ಕಟ್ಟಿ ಮಲಗುತ್ತೇನೆ. ಇದನ್ನು ಫೋನಲ್ಲೇ ಹೇಳಬಹುದಿತ್ತು. ಆದರೆ ನೀವು ಎರಡು ಮಾತಾಡಿ "ತಗೋ, ಅಮ್ಮನ ಹತ್ರ ಮಾತಾಡು" ಅಂತ ಕೊಟ್ಟುಬಿಡುತ್ತೀರಿ, ಅಲ್ವಾ?

ಬೀರುವಿನ ಬೀಗದ ಕೈಯನ್ನು ಉಡದಾರಕ್ಕೆ ಕಟ್ಟಿಕೊಂಡು ಓಡಾಡುತ್ತಿದ್ದೀರಂತೆ. ಅಮ್ಮ ಹೇಳಿದಾಗ ಮೊದಲು ನಗು ಬಂತು. ಆಮೇಲೆ ನಿದ್ದೆ ಬರಲಿಲ್ಲ.

ತಮ್ಮ ಮಾಡಿದ್ದು ಸಣ್ಣದಲ್ಲ. 2023ರ ಜುಲೈಯಲ್ಲಿ ಕೋಲಾರದ ಮಾರ್ಕೆಟ್‌ನಲ್ಲಿ 15 ಕೆಜಿ ಟೊಮೆಟೊ ಬಾಕ್ಸ್ ಎರಡು ಸಾವಿರ ದಾಟಿತ್ತು. ಬೆಲೆ ಇಲ್ಲದೆ ಹಣ್ಣು ರಸ್ತೆಗೆ ಸುರಿದ ವರ್ಷಗಳಾದ ಮೇಲೆ ನಿಮ್ಮ ಕೈಗೆ ಸಿಕ್ಕ ಒಂದೇ ಒಳ್ಳೆ ಬೆಳೆ. ಆ ದುಡ್ಡನ್ನು ಅವನು ಮೊಬೈಲ್ ರಮ್ಮಿಗೆ ಹಾಕಿದ. ಮಂಡಿಯವರು ಇನ್ನೂ ಕೊಟ್ಟಿಲ್ಲ ಅಂತ ಮೂರು ತಿಂಗಳು ಸುಳ್ಳು ಹೇಳಿದ. ಮನೆ ಬಿಟ್ಟು ಹೋದವನು ವಾಪಸ್ ಬಂದಾಗ ನೀವು ಬೈಯಲಿಲ್ಲ. "ಕೈಕಾಲು ತೊಳ್ಕೊಂಡು ಬಾ, ಮುದ್ದೆ ಆರತ್ತೆ" ಅಂದಿರಂತೆ. ಅದನ್ನು ಅಮ್ಮ ಈಗಲೂ ಅಳುತ್ತಲೇ ಹೇಳುತ್ತಾಳೆ.

ಆದರೆ ಅಪ್ಪ, ಊಟ ಹಾಕಿ ಅಲ್ಲೇ ನಿಂತುಬಿಟ್ಟಿದ್ದೀರಿ.

ನಾನೊಂದು ವಿಷಯ ಮುಚ್ಚಿಟ್ಟಿದ್ದೆ. ಹೋದ ವರ್ಷ ನಮ್ಮ ವೃದ್ಧಾಶ್ರಮದಲ್ಲಿ ಒಂದು ರಾತ್ರಿ ಒಬ್ಬ ಅಜ್ಜಿಯ ಮಾತ್ರೆಯನ್ನು ಪಕ್ಕದ ರೂಮಿನ ಅಜ್ಜಿಗೆ ಕೊಟ್ಟೆ. ಗೊತ್ತಾದ ಮೇಲೂ ಭಯಕ್ಕೆ ಬರೆದಿಡಲಿಲ್ಲ. ಬೆಳಿಗ್ಗೆ ತಡೆಯಲಾಗದೆ ಹೇಳಿದೆ. ದೇವರ ದಯೆ, ಅವರಿಗೆ ಏನೂ ಆಗಲಿಲ್ಲ. ಯಾರೂ ಕೂಗಾಡಲಿಲ್ಲ. ಆದರೆ ಎರಡು ತಿಂಗಳು ಔಷಧಿ ಟ್ರಾಲಿ ಮುಟ್ಟುವ ಹಾಗಿರಲಿಲ್ಲ. ಯಾರಾದರೂ ತಲೆನೋವಿಗೆ ಒಂದು ಮಾತ್ರೆ ಕೇಳಿದರೂ ಇನ್ನೊಬ್ಬರನ್ನು ಕರೆಯಬೇಕು. ಎಲ್ಲರೂ ನಗುನಗುತ್ತಾ ಮಾತಾಡುತ್ತಿದ್ದರು. ಬೈದಿದ್ದರೇ ವಾಸಿ ಅನ್ನಿಸುತ್ತಿತ್ತು. ಆಮೇಲೆ ಹಿರಿಯ ನರ್ಸ್ ಒಬ್ಬರು ಪಕ್ಕದಲ್ಲೇ ನಿಂತು ನನ್ನ ಕೈಯಲ್ಲೇ ಮಾತ್ರೆ ಕೊಡಿಸಿದರು, ಎಷ್ಟೋ ಸಲ. ಒಂದು ರಾತ್ರಿ ಟ್ರಾಲಿ ಕೀ ಕೈಗಿಟ್ಟು ಚಹಾ ಕುಡಿಯೋಕೆ ಹೋದರು. ಆ ಕೀ ಬೆಚ್ಚಗಿತ್ತು, ಅವರ ಜೇಬಿನ ಬಿಸಿ.

ಈಸ್ಟರ್ ಆದ ಮೇಲೆ ಇಲ್ಲಿನ ಚರ್ಚಿನ ಸಭೆಯಲ್ಲಿ ಬೈಬಲಿನ ಯೋಹಾನನ ಸುವಾರ್ತೆಯ 21ನೇ ಅಧ್ಯಾಯ ಓದಿದರು. ಅಲ್ಲಿ ಬರುವ ಇದ್ದಿಲ ಬೆಂಕಿಯ ಗ್ರೀಕ್ ಪದ ಬೈಬಲಿನ ಎರಡನೇ ಭಾಗವಾದ ಇಡೀ ಹೊಸ ಒಡಂಬಡಿಕೆಯಲ್ಲಿ ಎರಡೇ ಕಡೆ ಇದೆಯಂತೆ. ಒಂದು, ಯೇಸುಸ್ವಾಮಿಯನ್ನು ಹಿಡಿದ ರಾತ್ರಿ ಮಹಾಯಾಜಕನ ಅಂಗಳದಲ್ಲಿ ಶಿಷ್ಯ ಪೇತ್ರ ಚಳಿ ಕಾಯಿಸುತ್ತಾ ಸ್ವಾಮಿಯನ್ನೇ ಅರಿಯೆ ಅಂದ ಜಾಗ. ಇನ್ನೊಂದು, ಸತ್ತು ಎದ್ದು ಬಂದ ಸ್ವಾಮಿ ದಡದಲ್ಲಿ ಮೀನು ಸುಟ್ಟು, ರೊಟ್ಟಿ ಇಟ್ಟು ಶಿಷ್ಯರನ್ನು ಕರೆದ ಜಾಗ. ಅದೇ ಹೊಗೆ. ಪೇತ್ರನಿಗೆ ಆ ರೊಟ್ಟಿ ಗಂಟಲಲ್ಲಿ ಇಳಿಯಿತೋ ಇಲ್ಲವೋ.

ತಿಂದಾದ ಮೇಲೆ ಸ್ವಾಮಿ ಸುಮ್ಮನಿರಲಿಲ್ಲ. ನನ್ನ ಮೇಲೆ ಪ್ರೀತಿ ಇದೆಯಾ ಅಂತ ಮೂರು ಸಲ ಕೇಳಿದರು. ಮೂರನೇ ಸಲಕ್ಕೆ ಪೇತ್ರನಿಗೆ ಬೇಜಾರೂ ಆಯಿತು. ಆದರೆ ಕೇಳಿದಾಗಲೆಲ್ಲಾ ಕೆಲಸವನ್ನೂ ಕೊಟ್ಟರು, ನನ್ನ ಕುರಿ ನೋಡಿಕೋ ಅಂತ. ನೀವು ಕೇಳಿಯೂ ಇಲ್ಲ, ಕೊಟ್ಟೂ ಇಲ್ಲ.

ಶಿಷ್ಯರ ಹಣದ ಚೀಲ ಇದ್ದದ್ದು ಸ್ವಾಮಿಯನ್ನು ದುಡ್ಡಿಗೆ ಹಿಡಿದುಕೊಟ್ಟ ಯೂದನ ಕೈಯಲ್ಲಿ ಅಂತ ನೀವು ಅಂದಿರಂತೆ. ನಿಜ. ಆದರೆ ಯೂದನೂ ಆ ಮೂವತ್ತು ಬೆಳ್ಳಿ ನಾಣ್ಯ ವಾಪಸ್ ತಂದಿದ್ದ, ತಪ್ಪು ಮಾಡಿದೆ ಅಂದಿದ್ದ. ಯಾಜಕರು "ನಮಗೇನು, ನೀನೇ ನೋಡಿಕೋ" ಅಂದರು. ಆಮೇಲೆ ಅವನು ಏನು ಮಾಡಿಕೊಂಡ ಅಂತ ನಿಮಗೆ ಗೊತ್ತು. ಆ ಮಾತು ಓದಿದಾಗಲೆಲ್ಲಾ ನನಗೆ ತಮ್ಮನ ಮುಖ ಕಣ್ಣ ಮುಂದೆ ಬರುತ್ತದೆ.

ಕಣ್ಣು ಮುಚ್ಚಿಕೊಂಡು ಬೀರು ಬಿಟ್ಟುಕೊಡಿ ಅನ್ನುತ್ತಿಲ್ಲ. ನಾನೂ ಅಷ್ಟು ದಡ್ಡಿ ಅಲ್ಲ. ಮೊದಲು ಕೂರಿಸಿಕೊಂಡು ಕೇಳಿ. ಅವನಿಗೆ ಬೇಜಾರಾದರೆ ಆಗಲಿ. ಮುಂದಿನ ಸಲ ಮಂಡಿಗೆ ಲೋಡ್ ಹೋಗುವಾಗ ನೀವೂ ಗಾಡಿಯಲ್ಲಿ ಅವನ ಪಕ್ಕ ಕೂತು ಹೋಗಿ. ದುಡ್ಡು ಅವನೇ ಎಣಿಸಲಿ, ನೀವು ನೋಡುತ್ತಾ ನಿಲ್ಲಿ. ಹಾಗೇ ನಾಲ್ಕೈದು ಸಲ ಆಗಲಿ.

ಈ ಪತ್ರವನ್ನು ಅಡಗಿಸಿಡಬೇಡಿ. ಅಮ್ಮ ಹೇಗಿದ್ದರೂ ಹುಡುಕಿ ಓದುತ್ತಾಳೆ. ನಿಮ್ಮ ಬಿಪಿ ಮಾತ್ರೆ ರಾತ್ರಿಯಲ್ಲ, ಬೆಳಿಗ್ಗೆ ತಗೊಳ್ಳಿ ಅಂತ ಡಾಕ್ಟರು ಹೇಳಿದ್ದಾರೆ, ಮರೆಯಬೇಡಿ.

ನಿಮ್ಮ ಮಗಳು