ಕಂಬಿ ಹಿಡಿಯದೆ ಟಿಕೆಟ್ ಕೊಟ್ಟೆ!

ಡ್ಯೂಟಿಗೆ ವಾಪಸಾಗಿ ನಿನ್ನೆಗೆ ಒಂದು ತಿಂಗಳು. ಸಾಗರ–ಶಿವಮೊಗ್ಗ ರೂಟು, ಕಾಲಿಡಲು ಜಾಗವಿಲ್ಲ, ಕಂಬಿ ಹಿಡಿಯದೆ ಮುಂದಿನಿಂದ ಹಿಂದಿನವರೆಗೂ ಟಿಕೆಟ್ ಕೊಟ್ಟು ಬಂದೆ. ಇದನ್ನೂ ಹೇಳಿಕೊಳ್ಳಬೇಕಾ ಅಂತ ನಗಬೇಡಿ. ಕಾಲು ನಿಲ್ಲದಿದ್ದರೆ ಕಂಡಕ್ಟರ್ ಕೆಲಸ ಹೇಗೆ ಮಾಡುವುದು?

ವರ್ಷಗಟ್ಟಲೆ ಟಿಕೆಟ್ ಮಷಿನ್ ನೋಡುತ್ತಾ ಕತ್ತು ಬಗ್ಗಿಸಿದ್ದೇ ಬಂತು. ಮೊದಲು ಬರೀ ನೋವು, ಆಮೇಲೆ ತಲೆ ತಿರುಗಿಸಿದರೆ ಸಾಕು, ತೇಲಿದ ಹಾಗಾಗುತ್ತಿತ್ತು. ಒಂದು ದಿನ ನಿಂತ ಬಸ್ಸಿನಲ್ಲೇ ವಾಲಿದೆ. ದಿನಾ ಬರುವ ಯಜಮಾನರೊಬ್ಬರು "ಏನಪ್ಪಾ, ಬೆಳಿಗ್ಗೆನೇ ಹಾಕ್ಕೊಂಡು ಬಂದಿದೀಯಾ?" ಅಂದರು. ಟೀ ಬಿಟ್ಟು ಬೇರೇನೂ ಕುಡಿಯದವನು ನಾನು!

ಮೊದಲ ಥ್ಯಾಂಕ್ಸ್ ಕಿವಿ ಡಾಕ್ಟರಿಗೆ. ಮಲಗಿಸಿ, ತಲೆ ಹೊರಳಿಸಿ, ಕಣ್ಣು ನೋಡಿ, ಕಿವಿಯಲ್ಲೇನೂ ಇಲ್ಲ ಅಂತ ಫಿಸಿಯೋ ಮೇಡಂ ಹತ್ತಿರ ಕಳಿಸಿದರು. ತಲೆಬುರುಡೆಯ ಬುಡದ ಸಣ್ಣ ಸ್ನಾಯುಗಳೂ ತಲೆ ಯಾವ ಕಡೆಗಿದೆ ಅಂತ ಮಿದುಳಿಗೆ ಸುದ್ದಿ ಮುಟ್ಟಿಸುತ್ತವಂತೆ. ನನ್ನ ಭಾಷೆಯಲ್ಲಿ ಹೇಳಬೇಕೆಂದರೆ, ಕಣ್ಣು ಮತ್ತು ಕಿವಿ ಆನಂದಪುರ ಬಂತು ಅಂತಿವೆ, ಕತ್ತು ಮಾತ್ರ ಇನ್ನೂ ಸಾಗರದಲ್ಲೇ ಇದ್ದೀವಿ ಅಂತಿದೆ. ಈ ಜಗಳಕ್ಕೇ ತೇಲಿದ ಹಾಗಾಗುವುದಂತೆ.

ಮೇಡಂ ಕತ್ತನ್ನು ಲಟಕ್ ಅನ್ನಿಸಲಿಲ್ಲ. ಕತ್ತಿನ ಮೂಳೆಯ ಮೇಲೆ ಹೆಬ್ಬೆರಳಿಟ್ಟು ಮೆಲ್ಲಗೆ ಒತ್ತಿ ಹಿಡಿದುಕೊಂಡು, "ಈಗ ನೀವೇ ತಲೆ ತಿರುಗಿಸಿ, ನೋವಾದರೆ ಹೇಳಿ" ಅಂದರು, ಅಷ್ಟೇ. ಕಟಿಂಗ್ ಶಾಪಿನಲ್ಲಿ ನೆಟಿಕೆ ತೆಗೆಸುತ್ತಿದ್ದೆ ಅಂದಿದ್ದಕ್ಕೆ ಸರಿಯಾಗಿ ಬೈದರು. ಮಿದುಳಿಗೆ ಹೋಗುವ ರಕ್ತನಾಳ ಕತ್ತಿನ ಮೂಳೆಗಳೊಳಗಿಂದಲೇ ಹಾದುಹೋಗುತ್ತದೆ, ಅಪರೂಪಕ್ಕೆ ಅದು ಸೀಳಿಬಿಡಬಹುದು. ಇನ್ನು ಆ ಕಡೆ ತಲೆ ಹಾಕುವುದಿಲ್ಲ.

ಕತ್ತು ಕೊಡುವ ಸುದ್ದಿ ಸರಿಯಿದೆಯಾ ಅಂತ ನೋಡಲು ಇನ್ನೊಂದು ಆಟ. ಹಣೆಗೆ ಲೇಸರ್ ಲೈಟ್ ಕಟ್ಟಿ, ಗೋಡೆಯಿಂದ 90 ಸೆಂ.ಮೀ. ದೂರ ಕೂರಿಸಿ, ಕಣ್ಣು ಮುಚ್ಚಿ ತಲೆ ತಿರುಗಿಸಿ ಮತ್ತೆ ನಡುವಿಗೆ ತರಬೇಕು. ಮೊದಲ ದಿನ ನನ್ನ ಲೈಟು ಐದಾರು ಬೆರಳು ಆಚೆ ಬಿದ್ದಿತ್ತು. ನಾನು ನಡುವಿಗೇ ತಂದಿದ್ದೇನೆ ಅಂತ ವಾದ ಬೇರೆ ಮಾಡಿದ್ದೆ!

ನೋವು ಬೇಗ ಇಳಿಯಿತು, ತೇಲುವುದು ನಿಲ್ಲಲು ಜಾಸ್ತಿ ದಿನ ಹಿಡಿಯಿತು. ರಾತ್ರಿ ಹಾಲ್‌ನಲ್ಲಿ ಟೈಲ್ಸ್ ಗೆರೆ ಮೇಲೆ ಹೆಜ್ಜೆಗೆ ಹೆಜ್ಜೆ ತಾಗಿಸಿ ನಡೆಯುವಾಗ ಅಂಗಿಯ ತುದಿ ಹಿಡಿದು ಹಿಂದೆ ಬರುತ್ತಿದ್ದ ನಮ್ಮ ಮನೆಯವಳಿಗೆ, ತಿರುವು ಬಂದಾಗೆಲ್ಲ "ಹಿಡ್ಕೋ ಮಾರಾಯ" ಅಂತ ಕೂಗುವ ಡ್ರೈವರ್ ಅಣ್ಣನಿಗೆ ಏನು ಹೇಳಲಿ. ಮೇಲಿನ ಲಗೇಜ್ ನೋಡುವಾಗ ಈಗಲೂ ಒಂಚೂರು ಹಾಗಾಗುತ್ತದೆ.

ನಿನ್ನೆ ಅದೇ ಯಜಮಾನರು ಹತ್ತಿದ್ದರು. "ಈಗ ಸರಿಯಾಗಿ ನಿಂತ್ಕೋತೀಯಲ್ಲ ಮಾರಾಯ" ಅಂದರು.

"ಹೌದು ಯಜಮಾನ್ರೇ, ಬಿಟ್ಟುಬಿಟ್ಟೆ" ಅಂದೆ.